ಹೂಂ ಅನ್ನದ ಐದು ತಾಸು

ಕೆಂಭಾವಿ
ರವಿವಾರ, ಮಾರ್ಚ್ 3, 2024

ಪ್ರೀತಿಯ ಅಕ್ಕ ದಾನೇಶ್ವರಿಗೆ,

ನಿನ್ನ ತಮ್ಮ ಮರಿಲಿಂಗ ಕೆಂಭಾವಿಯಿಂದ ಶರಣು ಹೇಳುತ್ತಾನೆ. ನಾವಿಲ್ಲಿ ಆರಾಮ ಇದ್ದೇವೆ. ನಿನ್ನ ಮೊಣಕಾಲು ಹೇಗಿದೆ ಎಂದು ಭಾವನನ್ನು ಕೇಳಿದೆ. "ಕಾಲು ನೋಯ್ತಾವ, ಬಾಯಿ ಆರಾಮ ಅದ" ಎಂದರು. ಹನ್ನೊಂದು ವರ್ಷ ಆಗಲಿಕ್ಕೆ ಬಂತು, ನಮ್ಮ ಮನೆಯಲ್ಲಿ ನಿನ್ನ ಹೆಸರು ಹೇಳಿ ನಾವು ನಕ್ಕಿದ್ದು ಇದೇ ಮೊದಲು.

ಭಾವ ಮೊನ್ನೆ ಗುರುವಾರ ಬಂದು ಪರಿಮಳಾಳ ಲಗ್ನಪತ್ರಿಕೆ ಕೊಟ್ಟರು. ಸುರಪುರದ ಬೀಗರು, ವಡಗೇರಾದಲ್ಲಿ ನಿಮ್ಮ ಮನೆಯ ಮುಂದೆಯೇ ಹಂದರ. ಪತ್ರಿಕೆಯ ಕೆಳಗೆ ಸೋದರಮಾವ ಎಂಬಲ್ಲಿ ನನ್ನ ಹೆಸರಿದೆ. ಮೂರು ಸಲ ಓದಿದೆ. ಭಾವ ಚಹಾ ಕುಡಿದು ಬಸಿ ಕೆಳಗಿಟ್ಟು, ನಿನ್ನ ಮಾತನ್ನು ನಿನ್ನ ದನಿಯಲ್ಲೇ ಹೇಳಿದರು: "ಟಾವರ್ ಇರಲಿಲ್ಲ ಅಂದಾನಲ್ಲ, ಹಂಗ ಇರಲಿ. ಇರಲಿಲ್ಲ ಅಂತ ನಾನೂ ತಿಳ್ಕೊಂಡೀನಿ. ಬಂದು ನನ್ನ ಮಗಳ ಕೈ ಹಿಡದು ಹಂದರಕ್ಕ ಕರ್ಕೊಂಡು ಬರ್ಲಿ."

ಅಕ್ಕ, ನೀನು ಅದನ್ನು ನಂಬಿಲ್ಲ. ಟಾವರ್ ಇಲ್ಲದ ಫೋನು ರಿಂಗ್ ಆಗುವುದಿಲ್ಲ ಎಂಬುದು ನಿನಗೆ ಅವತ್ತೇ ಗೊತ್ತಿತ್ತು. ಸುಳ್ಳೆಂದು ಗೊತ್ತಿದ್ದೂ ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ನನ್ನನ್ನು ಕರೆದಿದ್ದೀ. ಆ ಸುಳ್ಳಿನ ಮೇಲೆ ನಿಂತು ಪರಿಮಳಾಳ ಕೈ ಹಿಡಿಯುವುದು ನನ್ನಿಂದ ಆಗುವುದಿಲ್ಲ. ಅದಕ್ಕೆ ಈ ಪತ್ರ. ಫೋನಿನಲ್ಲಿ ಹೇಳಬಹುದಿತ್ತು; ಈ ಮಾತಿಗೆ ಮಾತ್ರ ನಮ್ಮಿಬ್ಬರ ನಡುವೆ ಫೋನು ಬೇಡ. ಪೂರ್ತಿ ಓದು. ಓದಿದ ಮೇಲೆ ಬೇಡ ಎನಿಸಿದರೆ ಬೇಡ ಅನ್ನು. ಬೇರೆ ಯಾರಾದರೂ ಮಾವನಾಗಿ ನಿಲ್ಲಲಿ.

ಅವ್ವ ತೀರಿಕೊಂಡ ಆ ಬೇಸಿಗೆ, 2013. ನನಗಿನ್ನೂ ಮದುವೆಯಾಗಿರಲಿಲ್ಲ, ಇಲ್ಲಿ ಬಾಡಿಗೆಯ ಒಂದು ಖೋಲಿ. ಅವ್ವ ನಿನ್ನ ಹತ್ತಿರ ಇದ್ದಳು. ರಜೆಗೆ ನನ್ನ ಹತ್ತಿರ ಬಂದು ಎರಡು ತಿಂಗಳು ಇರಬೇಕೆಂದು ಆಕೆಯ ಆಸೆ. ನೀನು ವಾರಕ್ಕೆರಡು ಸಲ ಫೋನು ಮಾಡಿ, "ಅವ್ವನ್ನ ಯಾವಾಗ ಕರ್ಕೊಂಡು ಹೋಗ್ತಿ? ಆಕಿ ಗಂಟು ಕಟ್ಕೊಂಡು ಕುಂತಾಳ" ಎನ್ನುತ್ತಿದ್ದೆ. ನಾನು, "ಶಾಲ್ಯಾಗ ಕೆಲಸ ಅದ, ಈ ವಾರ ಮುಗೀಲಿ" ಎನ್ನುತ್ತಿದ್ದೆ. ಕೆಲಸ ಇದ್ದದ್ದು ನಿಜ. ಏನು ಕೆಲಸ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ನಮ್ಮ ಹೆಣ್ಣುಮಕ್ಕಳ ಶಾಲೆಗೆ ಯಾರೋ ಪುಣ್ಯಾತ್ಮರು ಎಂಟು ಹಳೆಯ ಕಂಪ್ಯೂಟರು ಕೊಟ್ಟಿದ್ದರು. ವೈರಸ್ ಹತ್ತಿ ಹಣ್ಣಾಗಿದ್ದವು, ಚಾಲೂ ಮಾಡಿದರೆ ಮುದುಕರಂತೆ ಕೆಮ್ಮುತ್ತಿದ್ದವು. ನನ್ನ ಗೆಳೆಯ ಅಸದ ನಿನಗೆ ಗೊತ್ತು, ನನ್ನ ಜೊತೆ ಕಾಲೇಜು ಓದಿದವ, ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವ. ಅವನು ಬಂದು ಇದ್ದದ್ದನ್ನೆಲ್ಲ ಅಳಿಸಿ ಲಿನಕ್ಸ್ ಹಾಕಿಕೊಟ್ಟ. ಅದೂ ಕಂಪ್ಯೂಟರು ನಡೆಸುವ ಏರ್ಪಾಡೇ, ಆದರೆ ಯಾರೊಬ್ಬರ ಸ್ವತ್ತಲ್ಲ. ಬಾವಿ ಇದ್ದಂತೆ. ನಮ್ಮೂರ ಬಾವಿಯಂತಲ್ಲ, ನಿಜವಾಗಿ ಎಲ್ಲರೂ ಸೇದಬಹುದಾದ ಬಾವಿ. ಹೂಳು ತುಂಬಿದರೆ ಗೊತ್ತಿದ್ದವರು ಯಾರು ಬೇಕಾದರೂ ಇಳಿದು ತೆಗೆಯಬಹುದು. ನನಗೆ ಆ ಮಾತೇ ಬಹಳ ಹಿಡಿಸಿತು.

ಇಂಟರ್ನೆಟ್ಟಿನ ತಂತಿ ನಮ್ಮ ಶಾಲೆಯ ತನಕ ಬಂದಿರಲಿಲ್ಲ. ಅದಕ್ಕೊಂದು ಡಾಂಗಲ್ ತಂದಿದ್ದರು. ಹೆಬ್ಬೆರಳಿಗಿಂತ ತುಸು ದೊಡ್ಡ ಬಿಳಿಯ ಕಡ್ಡಿ. ಫೋನಿಗೆ ಹಾಕಿದಂತೆ ಅದರ ಹೊಟ್ಟೆಯಲ್ಲಿ ಸಿಮ್ ಹಾಕಿ ಕಂಪ್ಯೂಟರಿನ ಪಕ್ಕೆಗೆ ಚುಚ್ಚಬೇಕು, ಇಂಟರ್ನೆಟ್ ಬರುತ್ತದೆ. ಹತ್ತನೆಯ ತರಗತಿಯ ಫಲಿತಾಂಶ ಇನ್ನು ಮೂರು ದಿನದಲ್ಲಿತ್ತು. ಪ್ರತಿ ವರ್ಷ ಅಂಕ ನೋಡಲು ನಮ್ಮ ಹುಡುಗಿಯರು ಶಹಾಪುರಕ್ಕೋ ಸುರಪುರಕ್ಕೋ ಬಸ್ ಹತ್ತಬೇಕು. ಮನೆಯಲ್ಲಿ ಕಳಿಸದಿದ್ದರೆ ಯಾರದೋ ಬಾಯಿಂದ ಕೇಳಬೇಕು. ಹಿಂದಿನ ವರ್ಷ ಒಬ್ಬಳಿಗೆ ಯಾರೋ ನಂಬರು ತಪ್ಪಾಗಿ ಹಾಕಿ ನೋಡಿ ನಪಾಸು ಎಂದರು. ಪಾಸಾಗಿದ್ದ ಹುಡುಗಿ ಎರಡು ದಿನ ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಈ ಸಲ ನಮ್ಮ ಶಾಲ್ಯಾಗ ನೋಡೋಣ, ಎಲ್ಲಾರೂ ಇಲ್ಲೇ ಬರ್ರಿ" ಎಂದು ನಾನು ಎಲ್ಲರ ಮುಂದೆ ಹೇಳಿಬಿಟ್ಟಿದ್ದೆ.

ಡಾಂಗಲ್ ಚುಚ್ಚಿದರೆ ಕಂಪ್ಯೂಟರು ಅದನ್ನು ಮೋಡೆಮ್, ಅಂದರೆ ಇಂಟರ್ನೆಟ್ ತರುವ ಯಂತ್ರ, ಎಂದು ಗುರುತಿಸಲೇ ಇಲ್ಲ. "ಸಿಡಿ ಬಂದಿದೆ" ಎಂದು ತೋರಿಸಿತು. ತೆಗೆದೆ, ಚುಚ್ಚಿದೆ, ಉರುಬಿದೆ, ಒರೆಸಿದೆ. ಸಿಡಿಯೇ. ಅಸದನಿಗೆ ಫೋನು ಮಾಡಿದರೆ ನಕ್ಕ. "ಅರೆ ಮರಿಲಿಂಗಾ, ಅದು ನಾಟಕ ಮಾಡಾಕತ್ತದ. ಮೊದಲ ತಾನು ಸಿಡಿ ಅಂತದ, ಬ್ಯಾರೆ ಕಂಪ್ಯೂಟರಿಗೆ ತನ್ನ ಸಾಮಾನು ಕೊಡಾಕ. ಲಿನಕ್ಸಿಗೆ ಅದು ಬ್ಯಾಡ. ಅದಕ್ಕ ಒಂದು ಮಾತು ಕಳಿಸಬೇಕು, ಆ ವೇಷ ಬಿಟ್ಟು ಹೊರಗ ಬಾ ಅಂತ. ಆವಾಗ ಮೋಡೆಮ್ ಆಗ್ತದ."

ನನಗೆ ಅವ್ವನ ಸೋರೆಬುರುಡೆಯ ಕಥೆ ನೆನಪಾಯಿತು. ನಿನಗೂ ನೆನಪಿರಬೇಕು. ಅಟ್ಟದ ಮೇಲಿನ ಬುರುಡೆಯೊಳಗೆ ಒಬ್ಬ ಹುಡುಗಿ. ಹೊರಗಿನವರಿಗೆ ಅದು ಬರೀ ನೀರು ತುಂಬುವ ಬುರುಡೆ. ಸರಿಯಾದ ಮಾತಿನಿಂದ ಕರೆದವರಿಗೆ ಮಾತ್ರ ಆಕೆ ಹೊರಗೆ ಬಂದು ರೊಟ್ಟಿ ಬಡಿದು ಇಟ್ಟು ಹೋಗುವಳು. ಆ ಮಾತು ಏನು ಎಂದು ನಾವು ಕೇಳಿದರೆ ಅವ್ವ, "ಕೆಲಸಾ ಮಾಡೋರಿಗೆ ಹೇಳ್ತೀನಿ, ಮೊದಲ ಶೇಂಗಾ ಸುಲೀರಿ" ಎನ್ನುತ್ತಿದ್ದಳು.

ಆ ಕಥೆಗಳಿಗೆ ಒಂದು ಕಟ್ಟಳೆ ಇತ್ತು. ಕೇಳುವವರು ಹೂಂ ಅನ್ನಬೇಕು. ಮಾತಿಗೊಂದು ಹೂಂ. "ಹೂಂ ಅನ್ನೋರು ಇಲ್ಲಂದ್ರ ಕಥಿ ಹಾದ್ಯಾಗ ನಿಂದರ್ತದ. ಪಾಪ, ಕಥ್ಯಾಗಿನ ರಾಜಾನೂ ಅಲ್ಲೇ ಬಿಸಲಾಗ ನಿಂದರ್ತಾನ" ಎನ್ನುತ್ತಿದ್ದಳು ಅವ್ವ. ಒಮ್ಮೆ ನಾನು ಮಧ್ಯಾಹ್ನದ ಸೆಕೆಗೆ ಶೇಂಗಾ ಬುಟ್ಟಿಯ ಪಕ್ಕದಲ್ಲೇ ನಿದ್ದೆ ಹೋದೆ. ಎದ್ದಾಗ ಸಂಜೆಯಾಗಿತ್ತು. ಅವ್ವ ಬುಟ್ಟಿ ಎತ್ತಿಟ್ಟು ಸುಮ್ಮನೆ ಕೂತಿದ್ದಳು. ಕಥೆ ಏನಾಯಿತು ಎಂದೆ. "ನೀ ಮಕ್ಕೊಂಡಿ. ಆವಾ ಇನ್ನಾ ಅಲ್ಲೇ ನಿಂತಾನ" ಎಂದಳು. ನಾನು ಗಾಬರಿಯಿಂದ ಹೂಂ ಹೂಂ ಹೂಂ ಎಂದದ್ದಕ್ಕೆ ನೀನು ಬಿದ್ದು ಬಿದ್ದು ನಕ್ಕಿದ್ದೆ.

ಅಸದ ಒಂದು ಚೀಟಿಯಲ್ಲಿ ಹತ್ತು ಹನ್ನೆರಡು ಆಜ್ಞೆ ಬರೆದು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ. ಮೊದಲನೆಯದನ್ನು ಹಾಕಿದೆ, ಸಿಡಿಯ ವೇಷ ಕಳಚಿತು. ಕಪ್ಪು ಪರದೆಯೊಂದನ್ನು ತೆರೆದು ಎರಡಕ್ಷರ ಬರೆದೆ. ಅದು ಮೋಡೆಮ್ಮನ್ನು ಮಾತಾಡಿಸುವ ರೀತಿ. ಕೆಳಗೆ ಓಕೆ ಎಂದು ಬಂತು. ಮತ್ತೆ ಬರೆದೆ, ಮತ್ತೆ ಓಕೆ. ಅಕ್ಕ, ಅದು ಥೇಟ್ ಹೂಂ ಅಂದಂತೆ. ಮಾತಿಗೊಂದು ಹೂಂ. ಯಾರೂ ಇಲ್ಲದ ಶಾಲೆಯಲ್ಲಿ ನಾನೊಬ್ಬನೇ ಕೂತು ನಕ್ಕೆ.

ಆದರೂ ನೆಟ್ ಬರಲಿಲ್ಲ. ಶಾಲೆಯ ಸಿಮ್ ಟಾವರನ್ನು ಹಿಡಿಯುತ್ತಲೇ ಇರಲಿಲ್ಲ. ಮರುದಿನ ಬೆಳಗ್ಗೆ ಹತ್ತಕ್ಕೆ ಅಸದನಿಗೆ ಫೋನು ಮಾಡಿದೆ. "ದೋಷ ಲಿನಕ್ಸಿಂದೋ ಸಿಮ್ಮಿಂದೋ, ಅದನ್ನ ಮೊದಲ ನಿಕಾಲಿ ಮಾಡು. ನಿನ್ನ ಫೋನಿಂದು ಸಿಮ್ ತಗದು ಅದಕ್ಕ ಹಾಕಿ ನೋಡು" ಎಂದ. ನನ್ನ ಫೋನು ಬಿಚ್ಚಿ, ಬ್ಯಾಟರಿ ತೆಗೆದು, ಸಿಮ್ ತೆಗೆದು ಡಾಂಗಲ್ಲಿಗೆ ಹಾಕಿದೆ. ಹತ್ತೂವರೆ ಆಗಿರಬೇಕು. ಖಾಲಿ ಫೋನು ಮೇಜಿನ ಮೇಲೆ ಬೆನ್ನು ಬಿಚ್ಚಿಕೊಂಡು ಬಿದ್ದಿತ್ತು.

ಡಾಂಗಲ್ಲಿನ ದೀಪ ನೀಲಿಯಾಯಿತು. ಟಾವರ್ ಹಿಡಿಯಿತು. ಚೀಟಿಯಲ್ಲಿದ್ದ ಸಾಲುಗಳನ್ನು ಒಂದೊಂದಾಗಿ ಹಾಕುತ್ತ ಹೋದೆ. ಹನ್ನೊಂದರ ಸುಮಾರಿಗೆ ನಾನೇನೂ ಬರೆಯದಿದ್ದರೂ ಪರದೆಯ ಮೇಲೆ ತಾನಾಗಿ ಒಂದು ಶಬ್ದ ಮೂಡಿತು. ಇಂಗ್ಲಿಷಿನಲ್ಲಿ ರಿಂಗ್ ಎಂದು. ಕೆಳಗೆ ಏನೋ ಅಂಕಿಗಳು. ತುಸು ತಡೆದು ಮತ್ತೆ ರಿಂಗ್. ಮತ್ತೆ ರಿಂಗ್. ಸದ್ದಿಲ್ಲ, ಗಂಟೆಯಿಲ್ಲ, ಬರೀ ಅಕ್ಷರ. ಡಾಂಗಲ್ಲಿಗೆ ಕಿವಿಯೂ ಇಲ್ಲ ಬಾಯಿಯೂ ಇಲ್ಲ. ಕರೆ ಬಂದರೆ ಹೀಗೆ ಬರೆದು ತೋರಿಸುವುದಷ್ಟೇ ಅದಕ್ಕೆ ಗೊತ್ತು. ಆ ಪರದೆಯ ಮೇಲೆ ಬೆಳಗಿನಿಂದ ಹತ್ತೆಂಟು ಇಂಗ್ಲಿಷ್ ಶಬ್ದ ಬಂದು ಹೋಗಿದ್ದವು, ಇದೂ ಅದರಲ್ಲೊಂದು ಎಂದುಕೊಂಡೆ. ಮೋಡೆಮ್ ತಾನಾಗಿ ಮಾತಾಡಲು ಶುರು ಮಾಡಿತು ಎಂದು ನನಗೆ ಖುಷಿ. ಖುಷಿಗೆ ಎದ್ದು ಹೋಗಿ ಗೇಟಿನ ಹತ್ತಿರದ ಸುಗರಾಬಿಯ ಗೂಡಂಗಡಿಯಲ್ಲಿ ಒಂದು ಚಹಾ ಕುಡಿದು ಬಂದೆ. "ಏನ್ರೀ ಸರ್, ಒಬ್ಬರೇ ನಗಾಕತ್ತೀರಿ, ಲಗ್ನ ಗೊತ್ತಾತೇನು?" ಎಂದು ಆಕೆ ಕೇಳಿದಳು. ತಿರುಗಿ ಬರುವಷ್ಟರಲ್ಲಿ ಪರದೆಯ ತುಂಬ ಅದೇ ಶಬ್ದ.

ಅಷ್ಟು ಹೊತ್ತಿಗೆ ವಡಗೇರಾದಲ್ಲಿ ಏನಾಗುತ್ತಿತ್ತು ಎಂದು ನನಗೆ ಭಾವ ಆಮೇಲೆ ಹೇಳಿದರು. ಬೆಳಗ್ಗೆ ಅಂಗಳ ಗುಡಿಸಿ ಬಂದ ಅವ್ವ ಎದೆ ಹಿಡಿದುಕೊಂಡು ಕೂತಳು. ಯಾದಗಿರಿಯ ಆಸ್ಪತ್ರೆಗೆ ಒಯ್ಯಲು ಭಾವ ಗಾಡಿ ಹುಡುಕಲು ಓಡಿದರು. "ಮರ್ಯಾಗ ಫೋನ್ ಹಚ್ಚು" ಎಂದಳಂತೆ ಅವ್ವ. ನೀನು ಹಚ್ಚಿದೆ. ನಾನು ಎತ್ತಲಿಲ್ಲ. ಮತ್ತೆ ಹಚ್ಚಿದೆ. ಆಕೆ ಫೋನನ್ನು ನಿನ್ನ ಕೈಯಿಂದ ಇಸಕೊಂಡು ತನ್ನ ಕಿವಿಗೆ ಒತ್ತಿಕೊಂಡು, "ಹೊಡಕೊಳ್ಳಾಕತ್ತದ, ತಡಿ, ಎತ್ತತಾನ" ಎಂದಳಂತೆ. ಗಾಡಿ ಬಂದಾಗ ಹನ್ನೆರಡೂವರೆ. ಗಾಡಿ ಬೇಕಾಗಲಿಲ್ಲ.

ಭಾವನಿಗೆ ಅಸದನ ಅಂಗಡಿ ನೆನಪಾದದ್ದು ಎರಡು ಗಂಟೆ ದಾಟಿದ ಮೇಲೆ. ಶಹಾಪುರದ ಪರಿಚಯದವರೊಬ್ಬರನ್ನು ಅಂಗಡಿಗೆ ಕಳಿಸಿದರು. ಅಸದ ಸುದ್ದಿ ಕೇಳಿ ನನ್ನ ನಂಬರಿಗೆ ಒಂದು ಸಲ ಹಚ್ಚಿದ, ರಿಂಗ್ ಆಗುವುದನ್ನು ಕೇಳಿದ, ಸಿಮ್ ಇನ್ನೂ ಡಾಂಗಲ್ಲಿನಲ್ಲೇ ಇದೆ ಎಂದು ಅಷ್ಟಕ್ಕೇ ಗೊತ್ತಾಯಿತು ಅವನಿಗೆ. ಅಂಗಡಿ ಹಾಗೇ ಬಿಟ್ಟು ಮೋಟಾರ್‌ಸೈಕಲ್ ಹತ್ತಿದ. ನಾಲ್ಕಕ್ಕೆ ಶಾಲೆಯ ಗೇಟಿಗೆ ಬಂದು ನಿಂತ. ಮುಖ ಧೂಳಿನಿಂದ ಕೆಂಪಾಗಿತ್ತು. "ನಡಿ, ಅಮ್ಮಾ ಹೋದಳು" ಎಂದ. ಅವ್ವನನ್ನು ಅವನು ಅಮ್ಮಾ ಎಂದೇ ಕರೆಯುತ್ತಿದ್ದ. ನಾನು ಫೋನು ತೆಗೆದುಕೊಂಡು ಬರುತ್ತೇನೆಂದು ಒಳಗೆ ಹೋಗಿಬಂದೆ. ದಾರಿಯುದ್ದಕ್ಕೂ ಅವನು ಒಂದೇ ಮಾತು: "ನಾನೇ ಹೇಳ್ದೆ ಸಿಮ್ ತಗಿ ಅಂತ. ನಾನೇ ಹೇಳ್ದೆ." ಅವನ ಬೆನ್ನಿಗೆ ಒರಗಿ ಕೂತಿದ್ದೆ. 

ಬೇಸಿಗೆಯ ಬಿಸಿಲು, ಹೆಣ ಇಡುವಂತಿಲ್ಲ. ಮಗ ಬರದೆ ಮಣ್ಣಾಗಬಾರದೆಂದು ನೀನು ಐದು ಗಂಟೆಯ ತನಕ ಹಿರಿಯರನ್ನು ತಡೆದೆಯಂತೆ. "ಬರ್ತಾನ್ರಿ, ರಿಂಗ್ ಆಗ್ತದ, ಅಂದ್ರ ಅದಾನ, ಬರ್ತಾನ" ಎಂದು ಒಬ್ಬೊಬ್ಬರ ಮುಂದೆ ಹೋಗಿ ಹೇಳಿದೆಯಂತೆ. ಕೊನೆಗೆ ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ನೀನೇ ಹಾಕಿದೆ. ಹೆಂಗಸರು ಹಾಕಬಾರದು ಎಂದವರಿಗೆ, "ಹಂಗಾರ ಗಂಡಸನ್ನ ತೋರಸ್ರಿ" ಎಂದೆಯಂತೆ. ನಾವು ಬಂದಾಗ ಆರೂಕಾಲು. ಜನ ಮಣ್ಣಿನಿಂದ ತಿರುಗಿ ಬಂದು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು. ನಿನ್ನ ಬಲಗೈ ಮೊಣಕೈ ತನಕ ಕಪ್ಪು ಮಣ್ಣು. ನೀನು ಅದನ್ನಿನ್ನೂ ತೊಳೆದಿರಲಿಲ್ಲ.

ಆಗ ನಿಜ ಹೇಳಬಹುದಿತ್ತು. ಸಿಮ್, ಡಾಂಗಲ್, ಲಿನಕ್ಸ್ ಎಂದು ಆ ಬಾಗಿಲಲ್ಲಿ, ಆ ಮಣ್ಣಿನ ಕೈಯ ಮುಂದೆ ನಿಂತು ಹೇಗೆ ಹೇಳಲಿ ಎಂದುಕೊಂಡೆ. "ಟಾವರ್ ಇರಲಿಲ್ಲಕ್ಕಾ" ಎಂದುಬಿಟ್ಟೆ. ನೀನು ನನ್ನ ಮುಖ ನೋಡಿದೆ. "ರಿಂಗ್ ಆಗಾಕತ್ತಿತ್ತು. ಹತ್ತೊಂಬತ್ತು ಸಲ" ಎಂದೆ ನೀನು. ಆಮೇಲೆ "ಕೈಕಾಲು ತೊಳ್ಕೋ" ಎಂದು ಒಳಗೆ ಹೋದೆ. ಅದೇ ನೀನು ನನ್ನ ಜೊತೆ ಆಡಿದ ಕಡೆಯ ಮಾತು. ನನ್ನ ಮದುವೆಗೆ ನೀನು ಬರಲಿಲ್ಲ, ಅಕ್ಕಿಕಾಳು ಮಾತ್ರ ಸೆರಗಿನ ಚೂರಿನಲ್ಲಿ ಕಟ್ಟಿ ಭಾವನ ಕೈಯಲ್ಲಿ ಕಳಿಸಿದೆ. ಆ ಚೂರು ನನ್ನ ಹತ್ತಿರ ಇದೆ.

ಫಲಿತಾಂಶದ ದಿನ ನಾನು ನಿಮ್ಮ ಕಟ್ಟೆಯ ಮೇಲೆ ತಲೆ ಬೋಳಿಸಿಕೊಂಡು ಕೂತಿದ್ದೆ. ಅಸದ ಹೊಸ ಸಿಮ್ ತಂದು ಹಾಕಿ, ತಾನೇ ನಿಂತು ನಮ್ಮ ಹುಡುಗಿಯರಿಗೆಲ್ಲ ಅಂಕ ತೋರಿಸಿದ. ಡಾಂಗಲ್ ಗಡಿಯಾರದಂತೆ ನಡೆಯಿತು. ಯಾರೂ ಬಸ್ ಹತ್ತಲಿಲ್ಲ. ಅವರಲ್ಲೊಬ್ಬಳು ಈಗ ದೇವಾಪುರದಲ್ಲಿ ನರ್ಸಮ್ಮ. ಎಲ್ಲಿ ಸಿಕ್ಕರೂ, "ಸರ್, ನನ್ನ ನಂಬರು ಮೊದಲ ನೋಡಿದ್ದು ನಮ್ಮ ಶಾಲ್ಯಾಗ" ಎನ್ನುತ್ತಾಳೆ. ಹೌದವ್ವ ಎನ್ನುತ್ತೇನೆ.

ನಿಜ ಇಷ್ಟು. ಫೋನು ರಿಂಗ್ ಆದದ್ದು ಹೌದು. ಆದರೆ ಅದು ನನ್ನ ಕಿವಿಗೆ ಬೀಳಲಿಲ್ಲ, ಯಂತ್ರದೊಳಗೆ ಅಕ್ಷರವಾಗಿ ಬಿತ್ತು, ನನಗದು ತಿಳಿಯಲಿಲ್ಲ. ಬೇಕೆಂದು ಎತ್ತದೆ ಇರಲಿಲ್ಲ ನಾನು. ಅಸದನೂ ಇದನ್ನು ನಿನ್ನ ಮುಂದೆ ಬಂದು ಹೇಳಲು ತಯಾರಿದ್ದಾನೆ. ವರ್ಷಕ್ಕೊಮ್ಮೆ ಕೇಳುತ್ತಾನೆ, ನಾನೇ ಬೇಡ ಎನ್ನುತ್ತ ಬಂದಿದ್ದೇನೆ.

ಪರಿಮಳಾಳನ್ನು ನಾನು ನೋಡಿದ್ದು ಅವಳು ಎರಡು ಜಡೆ ಹಾಕುತ್ತಿದ್ದಾಗ. ಈಗ ಅವ್ವನ ಮೂಗು ಬಂದಿದೆ ಎಂದು ಭಾವ ಹೇಳಿದರು. ನಾನು ಬರಬಹುದು ಎನಿಸಿದರೆ ಒಂದು ಫೋನು ಮಾಡು, ಮಾತಾಡದಿದ್ದರೂ ನಡೆಯುತ್ತದೆ. ನಂಬರು ಅದೇ ಇದೆ, ಬದಲಿಸಿಲ್ಲ.

ನಿನ್ನ ತಮ್ಮ,
ಮರಿಲಿಂಗ

ತಾಜಾ ಕಲಂ: ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿ, ಈಗ ಮತ್ತೆ ಒಡೆದಿದ್ದೇನೆ. ಮೇಲೆ ಬರೆದದ್ದರಲ್ಲಿ ನಡುವಿನದು ನಿಜವಲ್ಲ. ರಿಂಗ್ ಎಂದರೆ ಕರೆ ಎಂದು ನನಗೆ ಗೊತ್ತಿತ್ತು. ಕೆಳಗೆ ಬರುತ್ತಿದ್ದ ಅಂಕಿಗಳು ಕರೆದವರ ನಂಬರು. ಅದನ್ನು ತೋರಿಸುವ ಆಜ್ಞೆಯೂ ಚೀಟಿಯಲ್ಲಿತ್ತು, ನಾನೇ ಹಾಕಿದ್ದೆ. ಮೊದಲ ಸಲವೇ ಓದಿದೆ. ನಿನ್ನ ನಂಬರು. ಅವ್ವನನ್ನು ಯಾವಾಗ ಕರೆದುಕೊಂಡು ಹೋಗುತ್ತೀ ಎಂದು ಕೇಳಲು ಮಾಡಿದ್ದೀ ಎಂದುಕೊಂಡೆ. ಸಿಮ್ ತೆಗೆದರೆ ಅಷ್ಟು ಹೊತ್ತಿನ ಕೆಲಸ ಮತ್ತೆ ಮೊದಲಿನಿಂದ. ಸಂಜೆ ಮಾತಾಡಿದರಾಯಿತು ಎಂದುಕೊಂಡೆ. ಆಮೇಲೆ ನೀನು ಬಿಡದೆ ಮಾಡಿದ್ದು ನನಗೆ ಅನುಕೂಲವೇ ಆಯಿತು. ಪ್ರತಿ ಕರೆಗೂ ಮೋಡೆಮ್ ಇನ್ನೂ ಟಾವರ್ ಬಿಟ್ಟಿಲ್ಲ ಎಂದು ಖಾತ್ರಿಯಾಗುತ್ತಿತ್ತು. ಅಸದ ಬಂದಾಗ ನಾನು ಒಳಗೆ ಹೋದದ್ದು ಫೋನಿಗಲ್ಲ, ಪರದೆ ಅಳಿಸಲಿಕ್ಕೆ. ಅವನಿಗೂ ಇದು ಗೊತ್ತಿಲ್ಲ, ತನ್ನ ತಪ್ಪೆಂದೇ ತಿಳಿದಿದ್ದಾನೆ. ನಾಳೆ ಶಹಾಪುರಕ್ಕೆ ಹೋಗಿ ಹೇಳುತ್ತೇನೆ.

ಅವನ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಹಿಂದೆ ತಿರುಗಿಸಿ ನೋಡು. ಮೋಡೆಮ್ ಎಷ್ಟು ಸಲ ಸರಿಯಾಗಿ ನಡೆಯಿತು ಎಂದು ನಾನು ಒಂದೊಂದು ಕರೆಗೂ ಒಂದೊಂದು ಗೆರೆ ಎಳೆದಿದ್ದೆ. ಅಸದನದೊಂದನ್ನು ಬಿಟ್ಟರೆ ನಿನ್ನ ಎಣಿಕೆ ಸರಿ, ಹತ್ತೊಂಬತ್ತು. ಅದರಲ್ಲಿ ಯಾವ ಗೆರೆ ಎಳೆಯುವಾಗ ಫೋನು ಅವ್ವನ ಕಿವಿಯಲ್ಲಿತ್ತು ಎಂಬುದು ನಿನಗೊಬ್ಬಳಿಗೇ ಗೊತ್ತು.